ನಾಲ್ಕು ಬೆರಳಿನ ಎತ್ತರ

ನಮ್ಮ ಅಡುಗೆಮನೆಗೆ ಬಂದವರ ಕಣ್ಣು ಈಗೀಗ ಮೊದಲು ಈಳಿಗೆಯ ಮೇಲೆ ಬೀಳುತ್ತದೆ. ಎಲ್ಲಿ ಕೊಂಡಿರಿ ಎಂದು ಕೇಳುತ್ತಾರೆ. ಕೊಂಡದ್ದಲ್ಲ. ಈ ಶ್ರಾವಣದವರೆಗೆ ಅದು ನನ್ನ ತಮ್ಮ ಹನಮೇಶನ ಪಿಕಪ್ ಗಾಡಿಯ ಹೊಟ್ಟೆಯ ಕೆಳಗೆ ಇತ್ತು. ಅಂಥ ಗಾಡಿಗಳ ಹಿಂದಿನ ಗಾಲಿಯ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ. ನಮ್ಮ ಕಡೆ ಅವಕ್ಕೆ ಪಾಟಾ ಅನ್ನುತ್ತಾರೆ. ಗಾಡಿಯ ಭಾರವನ್ನೆಲ್ಲ ಹೊರುವುದು ಅವೇ. ಅದರಲ್ಲೊಂದು ಪಾಟಾವನ್ನು ತಾವರಗೇರಾದ ಕಮ್ಮಾರ ಕುಲುಮೆಗಿಟ್ಟು, ಬಡಿದು, ಈಳಿಗೆ ಮಾಡಿಕೊಟ್ಟ. 'ಪಾಟಾದ ಕಬ್ಬಿಣ ಅಂದ್ರ ಮೊಮ್ಮಕ್ಕಳ ತನಕ ಬರತೈತ್ರಿ ಅಕ್ಕೋರ' ಎಂದ. ನಮಗೆ ಇನ್ನೂ ಮೊಮ್ಮಕ್ಕಳಾಗಿಲ್ಲ. ಸದ್ಯಕ್ಕೆ ಸೋರೆಕಾಯಿ, ಕುಂಬಳಕಾಯಿ ಅದರ ಮುಂದೆ ಬೆಣ್ಣೆಯಾಗಿವೆ.

ನೆಲದ ಮೇಲೆ ಕೂರಬಾರದು ಎಂದು ಡಾಕ್ಟರು ಹೇಳಿದ್ದರಿಂದ ಈಳಿಗೆಯನ್ನು ಅಡುಗೆ ಕಟ್ಟೆಯ ಮೇಲೆ ಕೂರಿಸಿದ್ದೇವೆ. ನಿಂತು ಬದನೆಕಾಯಿ ಹೆಚ್ಚುವ ಹೆಂಗಸು ನಮ್ಮ ಓಣಿಯಲ್ಲಿ ನಾನೊಬ್ಬಳೇ. ನೋಡಿದವರಿಗೆ ನಾನು ಅಡುಗೆ ಮಾಡುತ್ತಿಲ್ಲ, ಟಿಕೆಟ್ ಕೊಡುತ್ತಿದ್ದೇನೆ ಅನ್ನಿಸುತ್ತದಂತೆ. ಹೆಚ್ಚುವಾಗ ಒಮ್ಮೊಮ್ಮೆ ಕೈ ನಿಲ್ಲುತ್ತದೆ. ಗಾಡಿ ಹೊತ್ತ ಉಕ್ಕು ಬದನೆಕಾಯಿ ಸೀಳುವ ಮಟ್ಟಕ್ಕೆ ಇಳಿದದ್ದು ನನ್ನ ದೆಸೆಯಿಂದ. ಹೇಗೆ ಎಂಬುದನ್ನು ಕಂಡಷ್ಟು ಕಂಡ ಹಾಗೆ ಹೇಳುತ್ತೇನೆ.

ನಾನು ಅಂಗನವಾಡಿಯಲ್ಲಿ ಕಲಿಸುವವಳು. ಅಲ್ಲಿಗೆ ಬರುವ ಮಕ್ಕಳು ಮೆಟ್ಟಿಲು ಇಳಿಯುವುದನ್ನು ನೀವು ನೋಡಿರಬಹುದು. ಅವು ಮುಂದೆ ಮುಖ ಮಾಡಿ ಇಳಿಯುವುದಿಲ್ಲ. ತಿರುಗುತ್ತವೆ, ಮೆಟ್ಟಿಲನ್ನು ಎರಡೂ ಕೈಯಿಂದ ತಬ್ಬಿಕೊಳ್ಳುತ್ತವೆ, ಆಮೇಲೆ ಒಂದು ಕಾಲನ್ನು ಕೆಳಗೆ ಬಿಟ್ಟು ನೆಲ ಎಲ್ಲಿದೆ ಎಂದು ಹುಡುಕುತ್ತವೆ. ನೆಲ ಸಿಕ್ಕಿದ ಕೂಡಲೇ ಮುಖ ಅರಳುತ್ತದೆ. ನಾನು ಇಷ್ಟು ವರ್ಷ ಅದನ್ನು ನೋಡಿ ನಗುತ್ತಿದ್ದೆ. ಹೋದ ನಾಗರ ಪಂಚಮಿಯಿಂದ ಈ ಪಂಚಮಿಯವರೆಗೆ ನಾನೂ ನಮ್ಮ ಮನೆಯ ಹೊಸ್ತಿಲನ್ನು ಹಾಗೆಯೇ ದಾಟಿದೆ.

ನಮ್ಮಲ್ಲಿ ಮದುವೆಯಾದ ಹೆಣ್ಣುಮಕ್ಕಳನ್ನು ಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣನೋ ತಮ್ಮನೋ ಬರಬೇಕು. ಕೂದಲು ಹಣ್ಣಾದರೂ ಬರಬೇಕು. ಹನಮೇಶ ಗಂಗಾವತಿಯ ಅಕ್ಕಿ ಮಿಲ್ಲುಗಳಿಂದ ಕುಷ್ಟಗಿ, ಯಲಬುರ್ಗಾ ಕಡೆಯ ಅಂಗಡಿಗಳಿಗೆ ಅಕ್ಕಿ ಸಾಗಿಸುತ್ತಾನೆ. ಗಾಡಿ ಕೊಂಡಂದಿನಿಂದ ಪ್ರತಿ ಪಂಚಮಿಗೆ ಅದರಲ್ಲೇ ತಾವರಗೇರಾಕ್ಕೆ ಬಂದು, ನನ್ನನ್ನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ತವರೂರು ನವಲಿಗೆ ಕರೆದೊಯ್ಯುತ್ತಿದ್ದ. ಹೆಚ್ಚು ಚೀಲ ಹಿಡಿಯಲಿ ಎಂದು ಅವನು ಗಾಡಿಗೆ ಹೆಚ್ಚಿನ ಪಾಟಾ ಹಾಕಿಸಿದ್ದ. ಅಕ್ಕಿಯವರ ಗಾಡಿಗಳೆಲ್ಲ ಹೀಗೇ, ಖಾಲಿಯಿದ್ದಾಗ ತುದಿಗಾಲಲ್ಲಿ ನಿಂತ ಹಾಗೆ ಕಾಣುತ್ತವೆ. ಹತ್ತಲು ನನಗೆ ಒಂದು ಸ್ಟೂಲು ಬೇಕಾಗುತ್ತಿತ್ತು.

ಹೋದ ಪಂಚಮಿಯ ಬೆಳಿಗ್ಗೆ ನಡೆದದ್ದು ಇಷ್ಟು. ನನ್ನ ಎಡಗೈಯಲ್ಲಿ ಉಂಡಿಯ ಡಬ್ಬಿ ಇತ್ತು. ಬಲಗೈ ಬಾಗಿಲ ಹಿಡಿಕೆಯ ಮೇಲಿತ್ತು. ಬಲಗಾಲು ಸ್ಟೂಲಿನ ಮೇಲೆ, ಎಡಗಾಲು ಆಗಷ್ಟೇ ನೆಲ ಬಿಟ್ಟಿತ್ತು. ಸ್ಟೂಲು ಪ್ಲಾಸ್ಟಿಕ್ಕಿನದು, ಕೆಂಪು. ಅದರ ಒಂದು ಕಾಲು ಹೊರಕ್ಕೆ ಸರಿಯುವುದನ್ನು ನಾನು ಕಂಡೆ. ನಿಧಾನವಾಗಿ ಸರಿಯಿತು. ಏನೋ ಹೇಳಬೇಕು ಎಂದು ಬಾಯಿ ತೆರೆಯುವಷ್ಟು ಸಮಯ ಇತ್ತು, ಹೇಳುವಷ್ಟು ಇರಲಿಲ್ಲ. ಬಿದ್ದ ಮೇಲೆ ನೋವು ತಿಳಿಯಲಿಲ್ಲ. ಶೇಂಗಾ ಉಂಡಿಯೊಂದು ಉರುಳುತ್ತಾ ಗಾಡಿಯ ಕೆಳಗೆ ಹೋಗಿ ಮುಂದಿನ ಗಾಲಿಗೆ ತಾಗಿ ನಿಂತದ್ದು ಕಾಣಿಸಿತು. ಅದನ್ನು ಯಾರಾದರೂ ತುಳಿದಾರು ಎಂದು ನಾನು ಚಿಂತಿಸುತ್ತಿದ್ದೆ. ಆಮೇಲೆ ಎದ್ದು ನಿಲ್ಲಲು ಹೋದೆ. ಕಾಲು ನನ್ನದಾಗಿರಲಿಲ್ಲ.

ಸೊಂಟದ ಬುಡದಲ್ಲಿ ಮೂಳೆ ಮುರಿದಿತ್ತು. ಕೊಪ್ಪಳದಲ್ಲಿ ಆಪರೇಷನ್ ಆಯಿತು, ಒಳಗೆ ಪ್ಲೇಟು ಹಾಕಿದರು. ನನ್ನನ್ನು ನೋಡಿಕೊಂಡವರ ಋಣ ಬರೆದು ತೀರುವಂಥದ್ದಲ್ಲ. ಮೂಳೆ ಕೂಡಿತು. ಕೋಲು ಹಿಡಿದು ನಡೆದೆ, ಮುಂದೆ ಕೋಲನ್ನೂ ಬಿಟ್ಟೆ. ಎತ್ತರದ ಭಯ ಮಾತ್ರ ಹೋಗಲಿಲ್ಲ. ಎತ್ತರ ಎಂದರೆ ಗುಡ್ಡದ ಎತ್ತರವಲ್ಲ, ಮೊಣಕಾಲಿನ ಎತ್ತರ. ನಮ್ಮವರು, ಎಂದರೆ ನನ್ನ ಗಂಡ, ಮನೆಯಲ್ಲಿದ್ದ ಸ್ಟೂಲುಗಳನ್ನೆಲ್ಲ ಅಟ್ಟಕ್ಕೆ ಹಾಕಿದರು. ಅಟ್ಟ ಹತ್ತಲು ಸ್ಟೂಲು ಬೇಕು, ಸ್ಟೂಲು ಅಟ್ಟದ ಮೇಲಿದೆ. ಹಾಗಾಗಿ ಒಂದು ವರ್ಷ ನಮ್ಮ ಅಟ್ಟದ ಮೇಲಿನ ಯಾವ ವಸ್ತುವೂ ಕೆಳಗೆ ಬರಲಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಬಿದ್ದ ಮೇಲೆ ಹನಮೇಶ ತನ್ನ ಗಾಡಿಯನ್ನು ನಮ್ಮ ಮನೆಯ ಮುಂದೆ ನಿಲ್ಲಿಸುವುದನ್ನು ಬಿಟ್ಟ. ವಾರಕ್ಕೊಮ್ಮೆ ಈ ದಾರಿಯಲ್ಲಿ ಹೋಗುವವನು ನನ್ನನ್ನು ನೋಡಲು ತಪ್ಪದೆ ಬರುತ್ತಿದ್ದ. ಆದರೆ ಗಾಡಿಯನ್ನು ದೊಡ್ಡ ರಸ್ತೆಯಲ್ಲೇ ಬಿಟ್ಟು ನಡೆದು ಬರುತ್ತಿದ್ದ. ಕಿಟಕಿಯಿಂದ ನನಗೆ ಅವನು ಓಣಿಯ ತಿರುವಿನಲ್ಲಿ ಕಾಣುತ್ತಿದ್ದ. ತಲೆ ತಗ್ಗಿಸಿ, ಕೀಲಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು. ಒಳಗೆ ಬಂದು ಕುಳಿತಾಗ ಗಾಡಿಯ ಮಾತನ್ನೇ ಎತ್ತುತ್ತಿರಲಿಲ್ಲ. ಮೊದಲೆಲ್ಲ ಅವನ ಬಾಯಲ್ಲಿ ಗಾಡಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಅಂಥವನು ಈಗ ಮಳೆ ಬೆಳೆ ಮಾತಾಡಿ ಎದ್ದು ಹೋಗುತ್ತಿದ್ದ.

ಒಂದು ದಿನ ನಾನೇ ಕೇಳಿದೆ. 'ಗಾಡಿ ಎಲ್ಲೈತೋ?'

'ಐತಿ ಅಲ್ಲೆ.'

'ಅಲ್ಲೆ ಅಂದ್ರ?'

'ಐತಿ ಬಿಡಕ್ಕ, ನೆರಳಾಗೈತಿ.'

ಆವತ್ತು ನನಗೆ ಒಂದು ವಿಷಯ ಖಚಿತವಾಯಿತು. ನಾನು ಆ ಗಾಡಿಯನ್ನು ಮತ್ತೆ ಹತ್ತುವ ತನಕ ನನ್ನ ತಮ್ಮ ನಮ್ಮ ಓಣಿಗೆ ಅಪರಾಧಿಯ ಹಾಗೆ ಬರುತ್ತಾನೆ. ನಾನು ಹತ್ತಲಾರೆ ಎಂಬುದೂ ಅಷ್ಟೇ ಖಚಿತವಾಗಿತ್ತು.

ಈ ಸಲ ಪಂಚಮಿ ಹತ್ತಿರ ಬಂದಾಗ ನಮ್ಮವರು ಬಾಡಿಗೆ ಕಾರು ಮಾಡೋಣ ಎಂದರು. ಅವರು ಬೀಜ ಗೊಬ್ಬರದ ಅಂಗಡಿ ಇಟ್ಟವರು, ಎಲ್ಲದಕ್ಕೂ ಒಂದು ಔಷಧಿ ಇದ್ದೇ ಇದೆ ಎಂದು ನಂಬಿದವರು. ನವಲಿಯಲ್ಲಿ ಹನಮೇಶನ ಜೊತೆ ಇರುವ ಅವ್ವ ಫೋನಿನಲ್ಲೇ ಅದನ್ನು ಹೊಡೆದುಹಾಕಿದಳು. 'ಬಾಡಿಗಿ ಕಾರಿನ್ಯಾಗ ಬಂದ್ರ ಡ್ರೈವರ್ ಕರಕೊಂಡು ಬಂದಂಗ ಆಗತೈತಿ. ತಮ್ಮ ಕರಕೊಂಡು ಬಂದಂಗ ಹೆಂಗಾಗತೈತಿ? ಬರೂದಿದ್ರ ಅವನ ಗಾಡ್ಯಾಗ ಬಾ. ಇಲ್ಲಾಂದ್ರ ನಾ ಅಲ್ಲೇ ಬಂದು ನಿನಗ ಉಂಡಿ ತಿನಿಸಿ ಬರತೀನಿ, ಆದ್ರ ಅದು ಪಂಚಮಿ ಅಲ್ಲ.' ಅವ್ವ ಮಾತಾಡುವಾಗ ಹಿಂದೆ ಹನಮೇಶ ಇದ್ದ. ಕೀಲಿಯ ಸದ್ದಿನಿಂದ ಗೊತ್ತಾಯಿತು.

ಪಂಚಮಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಬೆಳಿಗ್ಗೆ ಓಣಿಯಲ್ಲಿ ಪಿಕಪ್ಪಿನ ಸದ್ದಾಯಿತು. ಅಕ್ಕಿ ಚೀಲ ತುಂಬಿದ ಗಾಡಿ ನಮ್ಮ ಬೇವಿನ ಮರದ ಕೆಳಗೆ ಬಂದು ನಿಂತಿತು. ಹನಮೇಶ ಇಳಿದ. ಇನ್ನೊಂದು ಬಾಗಿಲಿನಿಂದ ಗಂಗಾವತಿಯ ಮೌಲಾ ಮಿಸ್ತ್ರಿ ಇಳಿದ. ಗಂಗಾವತಿಯ ಗಾಡಿಗಳ ಪಾಟಾ ಕೆಲಸವೆಲ್ಲ ಅವನದೇ ಎಂದು ಕೇಳಿದ್ದೆ. ಅವನ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದನ್ನು ಉಂಡಿಯ ಡಬ್ಬಿಯ ಹಾಗೆ ಜೋಪಾನವಾಗಿ ತಂದು ನಮ್ಮ ಕಟ್ಟೆಯ ಮೇಲಿಟ್ಟ.

'ಏನಿದು?' ಎಂದೆ.

'ಗಾಡಿ ಇಳಸೂ ಕಿಟ್ಟು' ಎಂದ ಹನಮೇಶ. 'ಅಮ್ಮ ಬಂಡಿ ಹತ್ತುವಾಗ ಅಪ್ಪ ಬಂಡಿ ಬಗ್ಗಸ್ತಿದ್ನಿಲ್ಲ? ಇದು ಹಂಗ.'

ಅಮ್ಮ ಎಂದರೆ ನಮ್ಮ ಅಜ್ಜಿ. ಅವಳು ಬಂಡಿ ಹತ್ತಬೇಕಾದಾಗ ಅಪ್ಪ ಎತ್ತುಗಳನ್ನು ಬಿಚ್ಚಿ ಒತ್ತಟ್ಟಿಗೆ ನಿಲ್ಲಿಸಿ, ನೊಗವನ್ನು ನೆಲಕ್ಕೆ ಊರುತ್ತಿದ್ದ. ಬಂಡಿ ಮುಂದಕ್ಕೆ ಬಾಗಿ ಮಂಡಿಯೂರಿದ ಹಾಗೆ ಆಗುತ್ತಿತ್ತು. ಅಮ್ಮ ಸೀರೆಯ ನಿರಿಗೆ ಎತ್ತಿ ಹಿಡಿದು, ಯಾರಿಗೋ ಉಪಕಾರ ಮಾಡುವವಳಂತೆ ಹತ್ತಿ ಕೂರುತ್ತಿದ್ದಳು. ಅವಳ ಹಿಂದೆ ಹನಮೇಶನನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಬಂಡಿಗೆ ಹಾಕುವುದು ನನ್ನ ಕೆಲಸ. ಅವನು ಕಾಲು ಬಡಿದು 'ನಾನ ಹತ್ತತೀನಿ' ಎಂದು ಅಳುತ್ತಿದ್ದ. ಅದನ್ನೆಲ್ಲ ಅವನು ನೆನಪಿಟ್ಟಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ.

ಕೆಲಸ ಶುರುವಾಗುವ ಮೊದಲು ನನ್ನ ಅಳತೆ ತೆಗೆದರು. ನಾನು ಕಿಟಕಿಯ ಸರಳು ಹಿಡಿದು ನಿಂತೆ. ಭಯವಾಗದಷ್ಟು ಎತ್ತರಕ್ಕೆ ಕಾಲೆತ್ತು ಎಂದರು. ಎತ್ತಿದೆ. ಹನಮೇಶ ನೆಲದಿಂದ ನನ್ನ ಅಂಗಾಲಿನವರೆಗೆ ದಾರ ಹಿಡಿದು ಗಂಟು ಹಾಕಿದ. ಎದುರುಮನೆಯ ಪಾರಕ್ಕ ತನ್ನ ಕಟ್ಟೆಯಿಂದಲೇ ನೋಡುತ್ತಿದ್ದಳು. ಅವಳು ಯಲಬುರ್ಗಾ ಕಡೆಯವಳು, ಅಲ್ಲಿಯದಕ್ಕಿಂತ ಒಳ್ಳೆಯದು ಲೋಕದಲ್ಲಿ ಇಲ್ಲ.

'ನಮ್ಮ ಯಲಬುರ್ಗಾದಾಗ ಕುದುರಿಗೆ ಲಾಳ ಹೊಡಿಯೂ ಮುಂದ ಹಿಂಗ ಕಾಲ ಎತ್ತಸ್ತಾರ' ಎಂದಳು.

'ಕುದುರಿ ಮಾತಾಡೂದಿಲ್ಲ, ನಾ ಮಾತಾಡತೀನಿ ಪಾರಕ್ಕ' ಎಂದೆ. ಆದರೂ ಕಾಲು ಇಳಿಸುವಾಗ ನಗು ಬಂತು. ಒಂದು ಕಾಲಲ್ಲಿ ನಿಂತು ನಗಬಹುದೆಂದು ಆವತ್ತು ತಿಳಿಯಿತು.

ಗಾಡಿ ಎತ್ತುವ ಮೊದಲು ಅಕ್ಕಿ ಇಳಿಸಬೇಕಾಯಿತು. ಹನಮೇಶನೂ ನಮ್ಮವರೂ ಚೀಲಗಳನ್ನು ಹೊತ್ತು ಪಡಸಾಲೆಯಲ್ಲಿ ಪೇರಿಸಿದರು. ಗೊಬ್ಬರದ ಚೀಲವನ್ನು ಗಿರಾಕಿಯಿಂದಲೇ ಎತ್ತಿಸಿ ರೂಢಿಯಾದ ನಮ್ಮವರು ಅರ್ಧಕ್ಕೇ ಸೊಂಟ ಹಿಡಿದು ನಿಂತರು. ಆ ವಾರ ನಮ್ಮ ಮನೆಯಲ್ಲಿ ಇಬ್ಬರೂ ಸೊಂಟದವರೇ.

ನಾನು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತೆ. ಮೌಲಾ ಮಿಸ್ತ್ರಿ ಹಿಂದಿನ ಭಾಗವನ್ನು ಜಾಕಿನಿಂದ ಎತ್ತಿದ. ಗಾಲಿ ಬಿಚ್ಚಿ, ಬಿಚ್ಚಿದ ಗಾಲಿಯನ್ನೇ ಗಾಡಿಯ ಕೆಳಗೆ ಅಡ್ಡ ಮಲಗಿಸಿದ. ಜಾಕು ಜಾರಿದರೂ ಗಾಡಿ ಗಾಲಿಯ ಮೇಲೆ ಕೂರಲಿ ಎಂದು. ಆಮೇಲೇ ಕೆಳಗೆ ತೂರಿದ್ದು. ಪಾಟಾಗಳನ್ನು ಬಿಗಿದ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಡೀಸೆಲ್ ಸುರಿದು ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟ. ಬೀಡಿ ಮಾತ್ರ ದೂರ ಹೋಗಿ ಸೇದಿದ.

'ನನ್ನ ಕೈಗೆ ಬರೂ ಗಾಡಿ ಎಲ್ಲಾ ಏರಸಾಕ ಬರತಾವ ಅಕ್ಕೋರ' ಎಂದ, ಮರಳಿ ಬಂದು. 'ಎರಡ ಪಾಟಾ ಹೆಚ್ಚ ಹಾಕು, ನಾಕ ಚೀಲ ಹೆಚ್ಚ ಹೊರಲಿ ಅಂತಾರ. ಅಕ್ಕಿ ಗಾಡಿ ಇಳಸಂತ ಬಂದಾಂವ ಇವ ಒಬ್ಬನ. ನಾ ಕೇಳಿದೆ, ಯಾಕಪಾ, ಹೀರೋ ಆಗಬೇಕಂತ ಮಾಡಿಯೇನು? ಪ್ಯಾಟ್ಯಾಗ ಹುಡುಗ್ರು ಕಾರ್ ಇಳಿಸಿ ನೆಲಕ್ಕ ಹೊಟ್ಟಿ ಹಚ್ಚಿ ತಿರಗತಾರಲ್ಲ, ಹಂಗ?'

'ಅದಕ್ಕ ಇವ ಏನಂದ?'

'ಅಕ್ಕಗ ಅಂದ. ಆತು, ಮುಗೀತು. ಮುಂದ ನಾ ಕೇಳ್ಲಿಲ್ಲ.'

ಹನಮೇಶ ಗಾಲಿಯ ನಟ್ಟುಗಳನ್ನು ಒರೆಸುತ್ತಿದ್ದ. ಅವು ಆಗಲೇ ಸ್ವಚ್ಛವಾಗಿದ್ದವು.

ಹೆಚ್ಚಿನ ಪಾಟಾಗಳನ್ನು ಕಿತ್ತಾಗ ಒಂದು ಠಣ್ ಎಂದು ನೆಲಕ್ಕೆ ಬಿತ್ತು. ನನ್ನ ಕೈಯಲ್ಲಿದ್ದ ಚಹಾ ಸೀರೆಯ ಮೇಲಾಯಿತು. ಬೀಳುವ ಸದ್ದಿಗೆ ನಾನು ಇನ್ನೂ ಹಾಗೆಯೇ ಇದ್ದೆ. ಮೌಲಾ ತಲೆ ಹೊರಹಾಕಿ ನೋಡಿದ. ಆಮೇಲೆ ಕಿತ್ತ ಪಾಟಾಗಳನ್ನು ಗೋಣಿಚೀಲದ ಮೇಲೆ ಇಳಿಸಿದ, ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ. ಅದು ನನಗಾಗಿ ಎಂದು ನನಗೆ ಗೊತ್ತಾಯಿತು. ಇಂಥ ಸಣ್ಣ ವಿಷಯಗಳನ್ನು ನಾನು ಮರೆಯುವುದಿಲ್ಲ.

ಪೆಟ್ಟಿಗೆಯಿಂದ ಬಂದ ಹೊಸ ಕಬ್ಬಿಣದ ತುಂಡುಗಳು ಪಾಟಾದ ತುದಿಗಳಿಗೆ ಕೂತವು, ಹೊಸ ರಬ್ಬರು ಬಂತು. ಮುಂದಿನ ಭಾಗಕ್ಕೆ ಪಾಟಾ ಇಲ್ಲ, ಉದ್ದನೆಯ ಒಂದು ಸರಳು ತಿರುಚಿಕೊಂಡು ಭಾರ ಹೊರುತ್ತದೆ. ಅದರ ಬೋಲ್ಟು ತಿರುಗಿಸಿದರೆ ಕ್ಯಾಬಿನ್ನು ಏರುತ್ತದೆ, ಇಳಿಯುತ್ತದೆ. ಆ ತಿರುಗಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಂಡರು. ಗಾಲಿ ಹಾಕಿ, ಜಾಕು ಇಳಿಸಿ, ಅಕ್ಕಿಯನ್ನೆಲ್ಲ ಮತ್ತೆ ತುಂಬಿದರು. ಗಾಡಿ ಕೆಳಗೆ ಕೂತಿತು. ಹನಮೇಶ ಕ್ಯಾಬಿನ್ನಿನ ಬಾಗಿಲ ಬಳಿ ದಾರ ಹಿಡಿದ. ಮೌಲಾ ಬೋಲ್ಟು ತಿರುಗಿಸುತ್ತಾ ಹೋದ. ಕೊನೆಯ ಸುತ್ತಿಗೆ, ಹತ್ತುವಾಗ ಕಾಲಿಡುವ ಬಾಗಿಲ ಪಟ್ಟಿ ಸರಿಯಾಗಿ ದಾರದ ಗಂಟಿಗೆ ಬಂದು ನಿಂತಿತು. ಹನಮೇಶ ನನ್ನತ್ತ ನೋಡಿದ. ಒಂದು ವರ್ಷದಲ್ಲಿ ಮೊದಲ ಸಲ ಅವನು ತನ್ನ ಗಾಡಿಯ ಪಕ್ಕ ನಿಂತು ನನ್ನ ಕಣ್ಣಿಗೆ ಕಣ್ಣು ಕೊಟ್ಟಿದ್ದ.

'ಹತ್ತಿ ನೋಡಕ್ಕ.'

ನಾನು ಎದ್ದೆ, ಎರಡು ಹೆಜ್ಜೆ ಇಟ್ಟೆ. ಮರಳಿ ಕುರ್ಚಿ ಹಿಡಿದೆ. 'ಪಂಚಮಿಗೇ ಹತ್ತತೀನಿ ಬಿಡು' ಎಂದೆ. ಅವನು ಒತ್ತಾಯ ಮಾಡಲಿಲ್ಲ. ಕುಷ್ಟಗಿಯ ಅಂಗಡಿಯವರು ಅಕ್ಕಿಗೆ ಕಾಯುತ್ತಿದ್ದರು, ಅವನೂ ಮೌಲಾನೂ ಹೊರಟುಹೋದರು.

ಹತ್ತಿ ನೋಡಿದ್ದರೂ ತಪ್ಪು ಗೊತ್ತಾಗುತ್ತಿರಲಿಲ್ಲ. ನಿಮಗೆ ಈಗಾಗಲೇ ಹೊಳೆದಿರಬಹುದು. ನಮಗೆ ಯಾರಿಗೂ ಹೊಳೆಯಲಿಲ್ಲ.

ನಮ್ಮಲ್ಲಿ ಪಂಚಮಿಯ ಮುನ್ನಾದಿನ ರೊಟ್ಟಿ ಹಬ್ಬ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಅದರ ಮೇಲೆ ನಾಲ್ಕಾರು ಬಗೆಯ ಪಲ್ಯ, ಚಟ್ನಿ ಇಟ್ಟು ಓಣಿಯ ಹೆಂಗಸರು ಮನೆಯಿಂದ ಮನೆಗೆ ಕೊಟ್ಟು ಬರುತ್ತಾರೆ. ಕೊಟ್ಟಷ್ಟೇ ಮರಳಿ ಬರುತ್ತದೆ, ಮನೆಯ ರೊಟ್ಟಿ ಮುಗಿಯುವುದೇ ಇಲ್ಲ. ಆ ಬೆಳಿಗ್ಗೆ ಹನಮೇಶ ಬಂದ. ಗಾಡಿಯನ್ನು ತೊಳೆದು ಒರೆಸಿದ್ದ, ಮುಂದೆ ಹೂವಿನ ಹಾರ ಇತ್ತು. ಖಾಲಿ ಗಾಡಿ.

ನಾನು ಹೊಸ ಸೀರೆ ಉಟ್ಟು ಕಟ್ಟೆಯಿಂದ ಇಳಿದೆ. ಬಾಗಿಲ ಬಳಿ ಹೋಗಿ ನಿಂತೆ. ಏನೋ ಸರಿಯಿಲ್ಲ ಅನ್ನಿಸಿತು. ಕಾಲು ಎತ್ತಿದೆ. ಬಾಗಿಲ ಪಟ್ಟಿ ಇನ್ನೂ ಮೇಲಿತ್ತು. ಹನಮೇಶ ಜೇಬಿನಿಂದ ದಾರ ತೆಗೆದು ಹಿಡಿದ. ಗಂಟು ಪಟ್ಟಿಗಿಂತ ನಾಲ್ಕು ಬೆರಳು ಕೆಳಗಿತ್ತು.

ಅವನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ಮೌಲಾ ಮಿಸ್ತ್ರಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಹಾಕಿ ನಡೆದದ್ದು ಹೇಳಿದ.

'ಅಳತಿ ಹಿಡಿದಾಗ ಅಕ್ಕಿ ಇತ್ತಲ್ಲೋ' ಎಂದ ಮೌಲಾ.

'ಇತ್ತು.'

'ಈಗ?'

'ಖಾಲಿ.'

'ಯಾ ಅಲ್ಲಾ. ಇಷ್ಟ ವರ್ಷ ಪಾಟಾ ಕೆಲಸ ಮಾಡೀನಿ, ಲೋಡ್ ಹಾಕಿನ ಅಳೀತೀವಿ. ಖಾಲಿ ಗಾಡಿ ಯಾರ ಅಳೀತಾರಪಾ?'

ನಿಜ. ಗಂಗಾವತಿಯಲ್ಲಿ ಗಾಡಿ ಎಂದರೆ ಅಕ್ಕಿ ತುಂಬಿದ ಗಾಡಿ. ಖಾಲಿ ಗಾಡಿಗೂ ಒಂದು ಎತ್ತರ ಇರುತ್ತದೆ ಎಂದು ಆ ಊರಿನವರು ಯೋಚಿಸುವ ಅಗತ್ಯವೇ ಬಂದಿಲ್ಲ. ಮೌಲಾ ಪಂಚಮಿ ಮುಗಿದ ಮೇಲೆ ಬಂದು ಸರಿ ಮಾಡುತ್ತೇನೆ ಎಂದ. ಹಬ್ಬಕ್ಕೆ ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟಿದ್ದ.

ನಮ್ಮವರು ಗಾಡಿಯನ್ನು ಕಟ್ಟೆಗೆ ಹಚ್ಚಿ ನಿಲ್ಲಿಸು, ಅಲ್ಲಿಂದ ಹತ್ತಲಿ ಎಂದರು. ಕಟ್ಟೆಗೂ ರಸ್ತೆಗೂ ನಡುವೆ ಗಟಾರ ಇದೆ. ಪಾರಕ್ಕನ ಮನೆಯಿಂದ ಒಂದು ಕಲ್ಲು ತರಲೇ ಎಂದರು. ನಾನು ಕಲ್ಲು ಎಂಬ ಮಾತಿಗೇ ಎರಡು ಹೆಜ್ಜೆ ಹಿಂದೆ ಬಂದಿದ್ದೆ. ಕಾಲ ಕೆಳಗೆ ಬೇರೆ ಏನನ್ನು ಇಟ್ಟರೂ ಅದು ಸರಿಯುವುದನ್ನು ನಾನು ಕಾಣುತ್ತಿದ್ದೆ. ನಾಲ್ಕು ಬೆರಳು ಎಂದರೆ ಎಷ್ಟು. ನನ್ನ ಅಂಗನವಾಡಿಯ ಮಕ್ಕಳು ಅಷ್ಟು ಎತ್ತರವನ್ನು ನೋಡದೆಯೇ ದಾಟುತ್ತವೆ.

'ಬ್ಯಾಡ ಬಿಡಕ್ಕ' ಎಂದ ಹನಮೇಶ. 'ನಾನ ಗಾಡಿ ಆ ಕಡೆ ಹಚ್ಚಿ ಬರತೀನಿ.' ಆ ಕಡೆ ಎಂದರೆ ದೊಡ್ಡ ರಸ್ತೆ ಎಂದು ನನಗೆ ಗೊತ್ತಿತ್ತು. ಕೀಲಿ ಮತ್ತೆ ಅವನ ಮುಷ್ಟಿಯೊಳಗೆ ಹೋಗಿತ್ತು. ಈ ಸಲ ಅದು ಆ ಕಡೆ ಹೋದರೆ ಮತ್ತೆ ಈ ಓಣಿಗೆ ಬರುವುದಿಲ್ಲ ಅನ್ನಿಸಿತು. ನಾನು ಮತ್ತೆ ಮುಂದೆ ಬಂದು ಬಾಗಿಲ ಹಿಡಿಕೆಯನ್ನು ಹಿಡಿದು ನಿಂತೆ.

ಅಷ್ಟರಲ್ಲಿ ಪಾರಕ್ಕ ತಾಟಿನಲ್ಲಿ ರೊಟ್ಟಿ ಪೇರಿಸಿಕೊಂಡು ನಮ್ಮ ಮನೆಗೆ ಹೊರಟವಳು ನಡುವೆ ನಿಂತಿದ್ದಳು. ಅವಳ ಹಿಂದೆ ರೊಟ್ಟಿ ಹಿಡಿದ ಇನ್ನೂ ನಾಲ್ಕೈದು ಹೆಂಗಸರು. ಫೋನಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

'ಅಕ್ಕಿ ಇದ್ರ ಗಾಡಿ ಇಳೀತೈತಿ ಹೌದಿಲ್ಲೋ?' ಎಂದು ಹನಮೇಶನನ್ನು ಕೇಳಿದಳು.

'ಹೌದ್ರಿ.'

'ಅಕ್ಕಿನ ಬೇಕೋ, ಯಾವ ಭಾರ ಆದ್ರೂ ನಡೀತೈತೋ?'

ಅವನು ತಲೆ ಎತ್ತಿ ಅವಳನ್ನು ನೋಡಿದ. ಪಾರಕ್ಕ ದೊಡ್ಡ ಆಳು. ಅವನು ಉತ್ತರ ಹೇಳುವ ಧೈರ್ಯ ಮಾಡಲಿಲ್ಲ.

'ನಾಚ್ಕೋಬ್ಯಾಡೋ ತಮ್ಮಾ, ಹಿಂದಿನ ಬಾಗಲಾ ತಗಿ' ಎಂದಳು ಪಾರಕ್ಕ.

ಹಿಂದಿನ ಹಲಗೆ ಇಳಿಯಿತು. ಪಾರಕ್ಕ ರೊಟ್ಟಿಯ ತಾಟನ್ನು ನಮ್ಮವರ ಕೈಗೆ ಕೊಟ್ಟು ಹತ್ತಿದಳು, ಮೇಲೆ ನಿಂತು ತಾಟನ್ನು ಮರಳಿ ಇಸಿದುಕೊಂಡಳು. ಉಳಿದವರೂ ಹತ್ತಿದರು. ಸುದ್ದಿ ಓಣಿಯ ಕೊನೆಗೆ ಹೋಯಿತು. ರೊಟ್ಟಿ ಕೊಡಲು ಹೊರಟವರೆಲ್ಲ ಬಂದರು. ಒಬ್ಬಳು ಎಮ್ಮೆ ಹಿಂಡುತ್ತಿದ್ದವಳು ಹಾಲಿನ ಕೈಯಲ್ಲೇ ಬಂದಳು. ಎಲ್ಲರೂ ಹಿಂದೆಯೇ ನಿಂತರು. ಗಾಡಿಯ ಹಿಂಭಾಗ ಕುಸಿಯಿತು, ಕ್ಯಾಬಿನ್ನು ಅಲ್ಲಾಡಲಿಲ್ಲ.

'ಮುಂದಕ ಸರೀರಿ ಯವ್ವಾ, ಮುಂದಕ' ಎಂದು ಹನಮೇಶ ಕೂಗಿದ. 'ಕ್ಯಾಬಿನ್ನಿಗೆ ಅಂಟಿ ಕುಂದರ್ರಿ.'

'ಏ ಪಾರಕ್ಕ, ನೀ ಮುಂದ ನಡಿ, ನೀ ನಡದ್ರ ಸಾಕು' ಎಂದಳೊಬ್ಬಳು.

'ನಿನ್ನ ಮನ್ಯಾಗ ತುಪ್ಪ ಕೊಟ್ಟಿದ್ರ ಇನ್ನೂ ನಾಕ ಬೆರಳ ಇಳಸ್ತಿದ್ದೆ' ಎಂದಳು ಪಾರಕ್ಕ.

ಅವರು ಸರಿದು ಒಬ್ಬರಿಗೊಬ್ಬರು ಒತ್ತಿ ಕುಳಿತರು. ತೊಡೆಯ ಮೇಲೆ ತಾಟುಗಳು. ಗಾಡಿ ನರಳಿತು. ನಾನು ಬಾಗಿಲ ಪಟ್ಟಿಯನ್ನೇ ನೋಡುತ್ತಿದ್ದೆ. ಅದು ಇಳಿಯುವುದನ್ನು ಕಣ್ಣಿನಿಂದ ಕಂಡೆ. ಹನಮೇಶ ದಾರ ಹಿಡಿದಿದ್ದ. ಅವನ ಕೈ ನಡುಗುತ್ತಿದ್ದುದರಿಂದ ಗಂಟು ನಿಲ್ಲುತ್ತಿರಲಿಲ್ಲ. ನಾನೇ ಆ ಕೈಯನ್ನು ಹಿಡಿದು ನಿಲ್ಲಿಸಿದೆ. ಇನ್ನೂ ಒಂದು ಬೆರಳು ಉಳಿದಿತ್ತು. ನಮ್ಮವರು ಸೊಂಟ ಹಿಡಿದುಕೊಂಡು ತಾವೂ ಹತ್ತಿದರು. ಅವರು ತೆಳ್ಳಗಿನ ಮನುಷ್ಯ, ಎಷ್ಟು ಇಳಿಯಿತೋ ದೇವರಿಗೆ ಗೊತ್ತು. ಹೆಂಗಸರು ಮಾತ್ರ 'ಆತು, ಆತು, ಈಗ ಬಂತು' ಎಂದರು.

ಗಂಟಿಗೂ ಪಟ್ಟಿಗೂ ನಡುವೆ ಆಗಲೂ ಒಂದು ಕೂದಲೆಳೆ ಇತ್ತು. ನಾನು ಅದನ್ನು ಕಂಡೆ. ಕಂಡೂ ಕಾಲು ಎತ್ತಿಟ್ಟೆ. ಪಟ್ಟಿ ಸರಿಯಲಿಲ್ಲ. ಇಷ್ಟು ಜನ ಕೂತ ಗಾಡಿ ಎಲ್ಲಿಗೆ ಸರಿದೀತು. ಎರಡನೇ ಕಾಲೂ ಬಂತು. ಕುಳಿತೆ. ಹನಮೇಶ ಹೊರಗೆ ನಿಂತು ಬಾಗಿಲು ಹಾಕಿದ. ಹಾಕಿದ ಮೇಲೂ ಅದನ್ನು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದ.

ಆಮೇಲೆ ಹಿಂದಿನವರು ಇಳಿಯತೊಡಗಿದರು. ಒಬ್ಬೊಬ್ಬರು ಇಳಿದ ಹಾಗೆ ನಾನು ಕೂತಲ್ಲೇ ಮೇಲೆ ಬಂದೆ. ಅಂಥ ಅನುಭವ ನನಗೆ ಮೊದಲು ಆಗಿರಲಿಲ್ಲ. ಓಣಿಯ ಗೋಡೆಗಳು, ಬೇವಿನ ಬುಡ, ಕಟ್ಟೆಗಳು ಸ್ವಲ್ಪ ಸ್ವಲ್ಪವೇ ಕೆಳಗೆ ಹೋದವು. ಪಾರಕ್ಕ ಕೊನೆಗೆ ಇಳಿದಳು. ಅವಳು ಇಳಿದಾಗ ನಾನು ಸರಿಯಾಗಿ ಒಂದು ಹೆಬ್ಬೆರಳಿನಷ್ಟು ಏರಿದೆ. ಅದನ್ನು ಅವಳಿಗೆ ಹೇಳಿಲ್ಲ. ಅವಳು ಕಿಟಕಿಯ ಬಳಿ ಬಂದು ತಾಟಿನ ರೊಟ್ಟಿಯನ್ನೆಲ್ಲ ನನ್ನ ಮಡಿಲಿಗೆ ಸುರಿದಳು. ಉಳಿದವರೂ ಸುರಿದರು. ಎಲ್ಲ ಮನೆಗಳಿಗೂ ಹೋಗಬೇಕಾಗಿದ್ದ ರೊಟ್ಟಿ ಒಬ್ಬಳ ಮಡಿಲಲ್ಲಿ ಕೂತಿತು.

ತಾವರಗೇರಾ ದಾಟಿದ ಮೇಲೆ ಅವನು ಗಾಡಿಯ ಬಗ್ಗೆ ಮಾತು ತೆಗೆದ. ಈಗ ಚೀಲ ಕಡಿಮೆ ಹಾಕಬೇಕು, ಆದರೆ ತಿರುವಿನಲ್ಲಿ ಮೊದಲಿನ ಹಾಗೆ ತೂಗಾಡುವುದಿಲ್ಲ, ನೆಲ ಕಚ್ಚಿ ಹಿಡಿಯುತ್ತದೆ, ನೋಡು ಬೇಕಾದರೆ ಎಂದು ತಿರುವು ಬಂದಾಗಲೆಲ್ಲ ತೋರಿಸಿದ. ನಾನು ಪ್ರತಿ ತಿರುವಿಗೂ ಹೌದು ಎಂದೆ. ಕಿಟಕಿಯ ಹೊರಗೆ ಒಣ ಹೊಲ ಮುಗಿದು ಗದ್ದೆಗಳು ಶುರುವಾಗಿದ್ದವು. ನಾಟಿಗೆ ನೀರು ಕಟ್ಟಿದ್ದರು.

ಆಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ಜನ ಸೇರಿ ಹತ್ತುವುದರ ಬಗ್ಗೆ ಯೋಚಿಸಿದೆವು. ಯಾರೊಬ್ಬರೂ ಇನ್ನೊಂದರ ಬಗ್ಗೆ ಯೋಚಿಸಿರಲಿಲ್ಲ.

'ಹನಮೇಶಾ' ಎಂದೆ. 'ಹತ್ತೀನಿ ಖರೆ. ಅಲ್ಲಿ ಇಳಿಯೂದು ಹೆಂಗೋ?'

ಅವನು ಗಾಡಿಯ ವೇಗ ತಗ್ಗಿಸಿದ. ಆಮೇಲೆ ಅವನ ಭುಜ ಸಡಿಲವಾಯಿತು.

'ಅಲ್ಲೂ ಮಂದಿ ಅದಾರಕ್ಕ' ಎಂದ.

ನವಲಿಯ ಊರಬಾಗಿಲ ಅಗಸಿ ಕಾಣಿಸಿದ ಕೂಡಲೇ ಹಾರ್ನಿನ ಮೇಲೆ ಅಂಗೈ ಇಟ್ಟ. ನಮ್ಮ ಓಣಿ ಬರುವ ತನಕ ತೆಗೆಯಲಿಲ್ಲ. ಒಂದೊಂದೇ ಮನೆಯ ಬಾಗಿಲು ತೆರೆಯುತ್ತಿತ್ತು.